ಆನ್‌ಲೈನ್ ಆದರೆ ಸಾಕೇ? ಅರ್ಜಿ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ?

"ಎಲ್ಲ ಕೆಲಸವೂ ಆನ್‌ಲೈನ್ ಆಗಿದೆ, ಇನ್ನು ಕಚೇರಿಗೆ ಅಲೆಯಬೇಕಿಲ್ಲ." "ಸರ್ಕಾರಿ ಕೆಲಸ ಒಂದು ದಿನ ತಡವಾದರೂ ನಿಮ್ಮ ಕೈಗೆ 20 ರೂಪಾಯಿ ಬರುತ್ತದೆ, ಎಲ್ಲರಿಗೂ ಕಳಿಸಿ." ಇಂಥ ಮಾತುಗಳು ನಿಮ್ಮ ವಾಟ್ಸ್ಯಾಪ್ ಗುಂಪಿಗೂ ಬಂದಿರಬಹುದು. ಇವುಗಳಲ್ಲಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು? ಒಂದು ಕಚೇರಿಯ, ಸಂಘದ ಅಥವಾ ಕಂಪನಿಯ ಕೆಲಸ ನಿಜವಾಗಿ ಬೇಗ ಆಗಬೇಕಾದರೆ ಏನು ಬದಲಾಗಬೇಕು? ಈ ಲೇಖನದಲ್ಲಿ ನೋಡೋಣ.

ಒಂದೇ ನೋಟದಲ್ಲಿ

• ಆನ್‌ಲೈನ್ ಆದ ಮಾತ್ರಕ್ಕೆ ಕೆಲಸ ಬೇಗ ಆಗುತ್ತದೆ: ಅರ್ಧ ಸತ್ಯ. ಕೆಲಸದ ದಾರಿ ಬದಲಾಗದಿದ್ದರೆ ಹಳೆಯ ಸರದಿಯೇ ಕಂಪ್ಯೂಟರಿನೊಳಗೆ ಹೋಗಿ ಕೂರುತ್ತದೆ.
• ತಡವಾದರೆ ದಿನಕ್ಕೆ 20 ರೂಪಾಯಿ: ಕಾನೂನಿನಲ್ಲಿ ಇದೆ. ಆದರೆ ಒಂದು ಅರ್ಜಿಗೆ ಗರಿಷ್ಠ 500 ರೂಪಾಯಿ. ಅದೂ ತಾನಾಗಿ ಖಾತೆಗೆ ಬರುವುದಿಲ್ಲ, ಕೇಳಬೇಕು.
• ತಡಕ್ಕೆ ಕಾರಣ ನೌಕರರ ಸೋಮಾರಿತನ ಮಾತ್ರ: ಬಹುಪಾಲು ತಪ್ಪು. ಅರ್ಜಿಯ ಸಮಯ ಹೆಚ್ಚಾಗಿ ಹೋಗುವುದು ಕೆಲಸದಲ್ಲಲ್ಲ, ಕಾಯುವುದರಲ್ಲಿ.
• ಇದನ್ನು ಸರಿಪಡಿಸುವ ವಿದ್ಯೆ ದೊಡ್ಡ ಕಂಪನಿಗಳಿಗೆ ಮಾತ್ರ: ತಪ್ಪು. ಹಳ್ಳಿಯ ಸಹಕಾರ ಸಂಘಕ್ಕೂ ಇದು ಬೇಕು.

ಸುರಪುರದ ವಿದ್ಯಾರ್ಥಿಗೆ ಇದು ಏಕೆ ಮುಖ್ಯ?

ಸುರಪುರ, ಶಹಾಪುರ, ಯಾದಗಿರಿ ಕಲ್ಯಾಣ ಕರ್ನಾಟಕದ ಭಾಗ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಇಲ್ಲಿನವರಿಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟುಗಳ ಮೀಸಲಾತಿ ಇದೆ. ಆದರೆ ಅದನ್ನು ಪಡೆಯಲು ಸಹಾಯಕ ಆಯುಕ್ತರು, ಅಂದರೆ ಎಸಿ ಸಾಹೇಬರು ಕೊಡುವ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು. ಅದರ ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳೂ ಬೇಕಾಗುತ್ತವೆ.

ಕೆಂಭಾವಿಯ ಅಥವಾ ಕಕ್ಕೇರಾದ ಒಬ್ಬ ಹುಡುಗಿ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದರೂ, ದಾಖಲೆ ಪರಿಶೀಲನೆಯ ದಿನ ಆ ಪತ್ರ ಇಲ್ಲದಿದ್ದರೆ ಸೀಟು ಕೈ ತಪ್ಪಬಹುದು. ಪತ್ರ ಒಂದು ವಾರ ತಡವಾಗುವುದು ಕಚೇರಿಯ ಲೆಕ್ಕದಲ್ಲಿ ಸಣ್ಣ ವಿಷಯ. ಆ ಮನೆಗೆ ಅದು ಒಂದು ವರ್ಷದ ಪ್ರಶ್ನೆ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, "ನಾಳೆ ಬರ್ರಿ" ಎನ್ನುವ ಮಾತು ಕೇಳಿ ವಾಪಸ್ ಬರುವ ತಂದೆಗೆ ಪ್ರತಿ ಸುತ್ತೂ ನಷ್ಟವೇ.

ಹಾಗಾದರೆ ಅರ್ಜಿ ಎಲ್ಲಿ ನಿಲ್ಲುತ್ತದೆ? ಇದನ್ನು ಹುಡುಕುವುದಕ್ಕೇ ಒಂದು ವಿದ್ಯೆ ಇದೆ. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಅದರ ಹೆಸರು ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಬಿಪಿಎಂ. ಕನ್ನಡದಲ್ಲಿ ಕಾರ್ಯವಿಧಾನ ನಿರ್ವಹಣೆ ಎನ್ನಬಹುದು.

ಕಾರ್ಯವಿಧಾನ ಎಂದರೇನು?

ಒಂದು ಕೆಲಸ ಶುರುವಾದಲ್ಲಿಂದ ಮುಗಿಯುವವರೆಗೆ ಯಾರ ಯಾರ ಕೈ ದಾಟಿ, ಯಾವ ಕ್ರಮದಲ್ಲಿ ಹೋಗುತ್ತದೆಯೋ ಆ ಇಡೀ ದಾರಿಯೇ ಕಾರ್ಯವಿಧಾನ.

ಆದಾಯ ಪ್ರಮಾಣಪತ್ರವನ್ನೇ ನೋಡಿ. ನೀವು ನಾಡಕಚೇರಿಯಲ್ಲಿ ಅಥವಾ ಫೋನಿನಲ್ಲಿ ಅರ್ಜಿ ಹಾಕುತ್ತೀರಿ. ಅದು ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರಿಗೆ ಹೋಗುತ್ತದೆ. ಅವರು ವಿಚಾರಿಸಿ ವರದಿ ಕೊಡುತ್ತಾರೆ. ಅದನ್ನು ಕಂದಾಯ ನಿರೀಕ್ಷಕರು ನೋಡುತ್ತಾರೆ. ಬಳಿಕ ಉಪ ತಹಶೀಲ್ದಾರರ ಅನುಮೋದನೆ, ಆಮೇಲೆ ಪತ್ರ.

ಇಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಮೇಜು ಗೊತ್ತು. ಇಡೀ ದಾರಿ ಗೊತ್ತಿರುವುದು ಅರ್ಜಿದಾರನ ಕಾಲಿಗೆ ಮಾತ್ರ. ಕಾರ್ಯವಿಧಾನ ನಿರ್ವಹಣೆಯ ಮೊದಲ ಪಾಠವೇ ಇದು: ಮೇಜುಗಳನ್ನು ನೋಡಬೇಡಿ, ಅರ್ಜಿಯ ಹಿಂದೆ ನಡೆಯಿರಿ. ಅದು ಎಲ್ಲಿ ಚಲಿಸುತ್ತದೆ, ಎಲ್ಲಿ ಸುಮ್ಮನೆ ಬಿದ್ದಿರುತ್ತದೆ ಎಂದು ಬರೆದುಕೊಳ್ಳಿ.

ಕೆಲಸ ಒಂದು ಗಂಟೆ, ಕಾಯುವುದು ಹದಿನೈದು ದಿನ

ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಅರ್ಜಿ ದಾಖಲಿಸಲು 10 ನಿಮಿಷ, ಸ್ಥಳದಲ್ಲಿ ವಿಚಾರಿಸಿ ವರದಿ ಬರೆಯಲು 30 ನಿಮಿಷ, ಪರಿಶೀಲನೆಗೆ 10 ನಿಮಿಷ, ಅನುಮೋದನೆಗೆ 5 ನಿಮಿಷ ಎಂದುಕೊಳ್ಳಿ. ಒಟ್ಟು ಕೆಲಸ 55 ನಿಮಿಷ. ಆದರೆ ಪತ್ರ ಕೈಗೆ ಬಂದಿದ್ದು 15 ದಿನದ ಮೇಲೆ. ಉಳಿದ ಸಮಯವೆಲ್ಲ ಎಲ್ಲಿ ಹೋಯಿತು? ಒಬ್ಬರ ಸರದಿಯಿಂದ ಇನ್ನೊಬ್ಬರ ಸರದಿಗೆ ಕಾಯುವುದರಲ್ಲಿ.

ಆದ್ದರಿಂದ 10 ನಿಮಿಷದ ದಾಖಲೆ ಕೆಲಸವನ್ನು ಹೊಸ ಕಂಪ್ಯೂಟರ್ ತಂದು 2 ನಿಮಿಷಕ್ಕೆ ಇಳಿಸಿದರೂ ಅರ್ಜಿದಾರನಿಗೆ ಸಿಗುವ ಲಾಭ 8 ನಿಮಿಷ ಮಾತ್ರ. ಹದಿನೈದು ದಿನ ಹದಿನೈದು ದಿನವಾಗಿಯೇ ಉಳಿಯುತ್ತದೆ.

ಇದಕ್ಕೆ ಒಂದು ಸರಳ ಗಣಿತವೂ ಇದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದ್ದರಿಂದ ಲಿಟಲ್ ನಿಯಮ ಎಂದೇ ಹೆಸರು. ಬಾಕಿ ಇರುವ ಅರ್ಜಿಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಅರ್ಜಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ದಿನಗಳು ಸಿಗುತ್ತವೆ. 600 ಅರ್ಜಿ ಬಾಕಿ ಇದ್ದು ದಿನಕ್ಕೆ 40 ಮುಗಿಯುತ್ತಿದ್ದರೆ, ಇವತ್ತು ಅರ್ಜಿ ಹಾಕಿದವರು ಸುಮಾರು 15 ದಿನ ಕಾಯಬೇಕು. ಯಾರು ಎಷ್ಟು ಜೋರು ಮಾಡಿದರೂ, ಎಷ್ಟು ಶಿಫಾರಸು ತಂದರೂ ಈ ಸರಾಸರಿ ಬದಲಾಗುವುದಿಲ್ಲ. ಒಬ್ಬರ ಅರ್ಜಿ ಮುಂದಕ್ಕೆ ಬಂದರೆ ಇನ್ನೊಬ್ಬರದು ಹಿಂದಕ್ಕೆ ಹೋಗುತ್ತದೆ, ಅಷ್ಟೇ.

ಕಾಲೇಜು ಪ್ರವೇಶದ ದಿನಗಳು ಬಂದಾಗ ಏನಾಗುತ್ತದೆ ನೋಡಿ. ದಿನಕ್ಕೆ 40 ಮುಗಿಯುವ ಕಡೆ 60 ಅರ್ಜಿ ಬರತೊಡಗಿದರೆ ಪ್ರತಿದಿನ 20 ಬಾಕಿ ಉಳಿಯುತ್ತವೆ. 30 ಕೆಲಸದ ದಿನಗಳಲ್ಲಿ 600 ಅರ್ಜಿಗಳ ರಾಶಿ ತಯಾರು. ಇಲ್ಲಿ ಯಾರೂ ಸೋಮಾರಿಗಳಾಗಬೇಕಿಲ್ಲ. ಎಲ್ಲರೂ ಬೆವರು ಸುರಿಸಿ ದುಡಿದರೂ ರಾಶಿ ಬೆಳೆಯುತ್ತದೆ.

ಪರಿಹಾರ ಎರಡೇ: ದಿನಕ್ಕೆ ಮುಗಿಯುವ ಸಂಖ್ಯೆ ಹೆಚ್ಚಬೇಕು, ಇಲ್ಲವೇ ಒಂದೇ ಸಮಯಕ್ಕೆ ಬರುವ ಸಂಖ್ಯೆ ಕಡಿಮೆಯಾಗಬೇಕು. ಪಿಯುಸಿ ಓದುವ ಮಕ್ಕಳು ಫಲಿತಾಂಶಕ್ಕೆ ಕಾಯದೆ ಜನವರಿ, ಫೆಬ್ರವರಿಯಲ್ಲೇ ಅರ್ಜಿ ಹಾಕುವಂತೆ ಕಾಲೇಜುಗಳು ನೋಡಿಕೊಂಡರೆ, ಒಬ್ಬ ನೌಕರನನ್ನೂ ಹೊಸದಾಗಿ ನೇಮಿಸದೆ ಜೂನ್ ತಿಂಗಳ ನೂಕುನುಗ್ಗಲು ಇಳಿಯುತ್ತದೆ. ಕಾರ್ಯವಿಧಾನ ಸುಧಾರಣೆ ಎಂದರೆ ಹೆಚ್ಚಾಗಿ ಇಂಥ ಸಣ್ಣ ಬದಲಾವಣೆಗಳೇ.

ಈ ವಿದ್ಯೆ ಎಲ್ಲಿಂದ ಬಂತು?

ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಟೇಲರ್ ಎಂಬ ಹೆಸರು ಮೊದಲ ಪುಟಗಳಲ್ಲೇ ಸಿಗುತ್ತದೆ. ಸುರಪುರದವರಿಗೆ ಟೇಲರ್ ಎಂದರೆ ಟೇಲರ್ ಮಂಜಿಲ್ ನೆನಪಾಗುವುದು ಸಹಜ. ಇಬ್ಬರೂ ಬೇರೆ ಬೇರೆ. ನಮ್ಮ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಿಂದ 1853ರವರೆಗೆ, ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ. ಪುಸ್ತಕದ ಟೇಲರ್ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್ಲೊ ಟೇಲರ್. ಕಾರ್ಖಾನೆಯ ಪ್ರತಿ ಕೆಲಸವನ್ನೂ ಗಡಿಯಾರ ಹಿಡಿದು ಅಳೆಯಬೇಕು ಎಂದವರು. ಅವರ ಹೆಸರಾಂತ ಪುಸ್ತಕ ಬಂದದ್ದು 1911ರಲ್ಲಿ.

ಆದರೆ ಆ ಟೇಲರ್ ಅಳೆದದ್ದು ಒಬ್ಬೊಬ್ಬ ಕೆಲಸಗಾರನ ಕೈಚಳಕವನ್ನು. ಇಡೀ ದಾರಿಯನ್ನು ನೋಡಬೇಕು ಎನ್ನುವ ಯೋಚನೆ ಬಲಗೊಂಡದ್ದು ನಂತರದ ದಶಕಗಳಲ್ಲಿ. 1990ರಲ್ಲಿ ಮೈಕೆಲ್ ಹ್ಯಾಮರ್ ಎಂಬ ಪ್ರಾಧ್ಯಾಪಕರು ಒಂದು ಪ್ರಸಿದ್ಧ ಲೇಖನ ಬರೆದರು. ಬೇಡದ ಕೆಲಸವನ್ನು ಕಂಪ್ಯೂಟರಿಗೆ ಹಾಕಬೇಡಿ, ಮೊದಲು ಅದನ್ನು ಕಿತ್ತು ಹಾಕಿ ಎಂಬುದು ಅದರ ಸಾರ. ಅವರು ಕೊಟ್ಟ ಫೋರ್ಡ್ ಕಾರು ಕಂಪನಿಯ ಉದಾಹರಣೆ ಇಂದಿಗೂ ಪಾಠವಾಗಿದೆ.

ಬಿಡಿಭಾಗ ಪೂರೈಸಿದವರಿಗೆ ಹಣ ಪಾವತಿ ಮಾಡುವ ವಿಭಾಗದಲ್ಲಿ ಫೋರ್ಡ್‌ಗೆ ಉತ್ತರ ಅಮೆರಿಕದಲ್ಲಿ 500ಕ್ಕೂ ಹೆಚ್ಚು ನೌಕರರಿದ್ದರು. ಹೊಸ ಕಂಪ್ಯೂಟರ್ ಹಾಕಿದರೆ ಶೇ. 20ರಷ್ಟು ಕಡಿಮೆ ಮಾಡಬಹುದು ಎಂದು ಅವರ ಅಂದಾಜು. ಜಪಾನಿನ ಮಜ್ದಾ ಕಂಪನಿಯನ್ನು ನೋಡಿದರೆ, ಅಲ್ಲಿ ಅದೇ ಕೆಲಸಕ್ಕೆ ಇದ್ದವರು 5 ಮಂದಿ! ಮಜ್ದಾ ಚಿಕ್ಕ ಕಂಪನಿ ಎಂದು ಒಪ್ಪಿಕೊಂಡರೂ ಈ ಅಂತರ ಬಹಳ ದೊಡ್ಡದು.

ಫೋರ್ಡ್‌ನಲ್ಲಿ ಆಗುತ್ತಿದ್ದದ್ದೇನು? ಖರೀದಿ ಆದೇಶದ ಪ್ರತಿ ಒಂದು ಕಡೆಯಿಂದ, ಸರಕು ಬಂದ ರಸೀದಿ ಇನ್ನೊಂದು ಕಡೆಯಿಂದ, ಪೂರೈಕೆದಾರರ ಬಿಲ್ಲು ಮತ್ತೊಂದು ಕಡೆಯಿಂದ ಬರುತ್ತಿತ್ತು. ಗುಮಾಸ್ತರು ಮೂರನ್ನೂ ಪಕ್ಕಪಕ್ಕ ಇಟ್ಟು 14 ವಿವರಗಳನ್ನು ತಾಳೆ ನೋಡಬೇಕಿತ್ತು. ತಾಳೆಯಾಗದ ಕೆಲವೇ ಬಿಲ್ಲುಗಳು ಬಹುಪಾಲು ಸಮಯ ನುಂಗುತ್ತಿದ್ದವು. ಕೊನೆಗೆ ಫೋರ್ಡ್ ಬಿಲ್ಲನ್ನೇ ತೆಗೆದುಹಾಕಿತು. ಸರಕು ಬಾಗಿಲಿಗೆ ಬಂದಾಗಲೇ ಆದೇಶದೊಂದಿಗೆ ಕಂಪ್ಯೂಟರಿನಲ್ಲಿ ತಾಳೆ ನೋಡುವುದು, ಸರಿಯಿದ್ದರೆ ಒಳಗೆ ತೆಗೆದುಕೊಂಡು ಹಣ ಕಳಿಸುವುದು, ಇಲ್ಲದಿದ್ದರೆ ವಾಪಸ್. ಆ ವಿಭಾಗದ ನೌಕರರ ಸಂಖ್ಯೆ ಶೇ. 75ರಷ್ಟು ಇಳಿಯಿತು.

ಕಂಪ್ಯೂಟರ್ ಎರಡೂ ಲೆಕ್ಕದಲ್ಲಿ ಇತ್ತು. 20 ಮತ್ತು 75ರ ನಡುವಿನ ವ್ಯತ್ಯಾಸ ತಂದದ್ದು ದಾರಿಯ ಬದಲಾವಣೆ.

ನಮ್ಮದೇ ಉದಾಹರಣೆ: ಪಹಣಿ ಮತ್ತು 'ಭೂಮಿ'

ಅಮೆರಿಕದ ಕಥೆ ಸಾಕು. ಇದೇ ಪಾಠದ ದೊಡ್ಡ ಉದಾಹರಣೆ ಕರ್ನಾಟಕದಲ್ಲೇ ಇದೆ.

'ಭೂಮಿ' ಬರುವ ಮೊದಲು ಪಹಣಿ ಇರುತ್ತಿದ್ದದ್ದು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ. ಒಬ್ಬೊಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಹಳ್ಳಿ. ಬೆಳೆ ಸಾಲಕ್ಕೆ ಪಹಣಿ ಬೇಕೆಂದರೆ ರೈತ ಮೊದಲು ಅವರು ಯಾವ ಊರಲ್ಲಿದ್ದಾರೆ ಎಂದು ಹುಡುಕಬೇಕಿತ್ತು. ಒಂದು ಪ್ರತಿ ಸಿಗಲು 3ರಿಂದ 30 ದಿನ ಹಿಡಿಯುತ್ತಿತ್ತು. ಪುಸ್ತಕದಲ್ಲಿ ಏನು ಬರೆದಿದೆ ಎಂದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

2000ದ ಆಸುಪಾಸಿನಲ್ಲಿ, ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕೇಂದ್ರದ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಹೊರಗಿನವರಿಗೆ ಕಂಡದ್ದು ಇಷ್ಟೇ: ಕಂಪ್ಯೂಟರ್ ಬಂತು, ಕೆಲಸ ಬೇಗ ಆಯಿತು. ಆದರೆ ಒಳಗೆ ನಾಲ್ಕು ನಿಯಮಗಳು ಬದಲಾಗಿದ್ದವು.

1. 'ಭೂಮಿ' ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಹಳೆಯ ದಾರಿ ಮುಚ್ಚಿದ್ದರಿಂದ ಎರಡು ಪುಸ್ತಕ, ಎರಡು ಸತ್ಯ ಉಳಿಯಲಿಲ್ಲ.
2. ಹಕ್ಕು ಬದಲಾವಣೆಯ ಅರ್ಜಿಯನ್ನು ಲೆಕ್ಕಿಗರ ಬದಲು ಕಿಂಡಿಯಲ್ಲೇ ಕೊಟ್ಟು ಸಂಖ್ಯೆ ಪಡೆಯಬಹುದು. ಅರ್ಜಿ ಬಂದೇ ಇಲ್ಲ ಎನ್ನುವಂತಿಲ್ಲ.
3. ಮೊದಲು ಬಂದ ಅರ್ಜಿ ಮೊದಲು. ಸರದಿ ಹಾರಿಸಿ ಬೇಕಾದವರ ಅರ್ಜಿಯನ್ನು ಮುಂದೆ ತೆಗೆದುಕೊಳ್ಳಲು ಕಂಪ್ಯೂಟರ್ ಬಿಡುವುದಿಲ್ಲ.
4. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಗುತ್ತದೆ.

ಈ ನಾಲ್ಕನ್ನು ತೆಗೆದುಹಾಕಿ ಬರೀ ಕಂಪ್ಯೂಟರ್ ಕೊಟ್ಟಿದ್ದರೆ, ಸೊಗಸಾಗಿ ಟೈಪ್ ಮಾಡಿದ ಅದೇ ಹಳೆಯ ವ್ಯವಸ್ಥೆ ಸಿಗುತ್ತಿತ್ತು.

ಮುಂದೆ ಇನ್ನೊಂದು ಹೆಜ್ಜೆ ಕಡಿಮೆಯಾಯಿತು. ನೋಂದಣಿ ಇಲಾಖೆಯ 'ಕಾವೇರಿ' ವ್ಯವಸ್ಥೆಯನ್ನು 'ಭೂಮಿ'ಗೆ ಜೋಡಿಸಲಾಯಿತು. ಜಮೀನು ಖರೀದಿ ನೋಂದಣಿಯಾದ ಕೂಡಲೇ ಮಾಹಿತಿ ಕಂದಾಯ ಇಲಾಖೆಗೆ ಹೋಗುತ್ತದೆ. ರೈತ ಒಂದು ಕಚೇರಿಯ ಕಾಗದವನ್ನು ಇನ್ನೊಂದು ಕಚೇರಿಗೆ ಹೊತ್ತೊಯ್ದು ಹೊಸ ಅರ್ಜಿ ಹಾಕುವ ಕೆಲಸ ತಪ್ಪಿತು. ಆದರೆ ತಂದೆ ತೀರಿಕೊಂಡ ಮೇಲೆ ಮಾಡಿಸುವ ಪೌತಿ ಖಾತೆಗೆ ಈ ಜೋಡಣೆ ಸಾಲದು. ಅಲ್ಲಿ ನೋಂದಣಿ ನಡೆದಿರುವುದಿಲ್ಲ, ಮನೆಯವರೇ ತಿಳಿಸಬೇಕು. ಒಂದು ದಾರಿ ಸರಿಯಾಯಿತೆಂದರೆ ಪಕ್ಕದ ದಾರಿಯೂ ಸರಿಯಾದಂತಲ್ಲ.

'ಭೂಮಿ'ಗೆ ಟೀಕೆಗಳೂ ಬಂದವು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಹಳ್ಳಿಯಲ್ಲಿದ್ದ ಅಧಿಕಾರ ತಾಲ್ಲೂಕಿನಲ್ಲಿ ಕೇಂದ್ರೀಕೃತವಾಗಿ, ಭ್ರಷ್ಟಾಚಾರವೂ ಮೇಲಿನ ಹಂತಕ್ಕೆ ಸರಿಯಿತು, ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರದವರಿಗೆ ಅನುಕೂಲವಾಯಿತು ಎಂದು ವಾದಿಸಿತು. ವಾದವನ್ನು ಪೂರ್ತಿ ಒಪ್ಪಿದರೂ ಬಿಟ್ಟರೂ ಒಂದು ಎಚ್ಚರಿಕೆ ಅದರಲ್ಲಿದೆ. ಕಿಂಡಿಯಲ್ಲಿ ಕೆಲಸ 10 ನಿಮಿಷಕ್ಕೆ ಆಯಿತೆಂದು ಕಚೇರಿ ಬೀಗಬಹುದು. ಆ ಕಿಂಡಿ ತಲುಪಲು ರೈತ ಒಂದು ದಿನದ ಕೂಲಿ ಬಿಟ್ಟಿದ್ದರೆ ಅವನ ಲೆಕ್ಕ ಬೇರೆ. ನಂತರ ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ, ಫೋನಿನಲ್ಲಿ ಪಹಣಿ ಸಿಗುವಂತೆ ಮಾಡಿದ್ದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ದಿನಕ್ಕೆ 20 ರೂಪಾಯಿ: 'ಸಕಾಲ' ಏನು ಹೇಳುತ್ತದೆ?

ಈಗ ಆ ಎರಡನೇ ಸಂದೇಶಕ್ಕೆ ಬರೋಣ.

ಇದರ ಮೂಲ ಕರ್ನಾಟಕದ 2011ರ ಸೇವಾ ಖಾತರಿ ಕಾಯ್ದೆ. 2012ರ ಮಾರ್ಚ್ 1ರಂದು ಔರಾದ, ಪುತ್ತೂರು, ಚಿತ್ರದುರ್ಗ ಮತ್ತು ಧಾರವಾಡ ತಾಲ್ಲೂಕುಗಳಲ್ಲಿ ಪ್ರಯೋಗ ನಡೆಯಿತು. ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ 'ಸಕಾಲ' ಹೆಸರಿನಲ್ಲಿ ರಾಜ್ಯಾದ್ಯಂತ ಜಾರಿಯಾಯಿತು. ಈಗ ಸೇವೆಗಳ ಸಂಖ್ಯೆ ಸಾವಿರ ದಾಟಿದೆ.

ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವು ಇದೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆಯ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೇಳುವ ಹಕ್ಕು ಅರ್ಜಿದಾರರಿಗಿದೆ. ಆ ಹಣದ ಹೊಣೆ ತಡ ಮಾಡಿದ ನೌಕರನದು.

ಆದ್ದರಿಂದ ಸಂದೇಶ ಸುಳ್ಳಲ್ಲ, ಅಪೂರ್ಣ. ಹಣ ತಾನಾಗಿ ಬರುವುದಿಲ್ಲ. ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ ಕೇಳಬೇಕು.

ಈ ಕಾಯ್ದೆಯ ನಿಜವಾದ ಬೆಲೆ 500 ರೂಪಾಯಿಯಲ್ಲಿ ಇಲ್ಲ. ಪ್ರತಿ ಅರ್ಜಿಗೂ ಒಂದು ಸಂಖ್ಯೆ ಸಿಕ್ಕಿತು, ಶುರುವಾದ ದಿನ ಮತ್ತು ಮುಗಿಯಬೇಕಾದ ದಿನ ದಾಖಲಾಯಿತು. ಯಾವ ಮೇಜಿನಲ್ಲಿ ಎಷ್ಟು ಅರ್ಜಿ ನಿಂತಿವೆ ಎಂದು ಮೇಲಿನವರಿಗೆ ಕಾಣತೊಡಗಿತು. ಅಳೆಯದೆ ಏನನ್ನೂ ಸುಧಾರಿಸಲು ಆಗುವುದಿಲ್ಲ.

ಆದರೆ ಅಳತೆಗೂ ಒಂದು ಅಪಾಯವಿದೆ. ಅಳತೆಯೇ ಗುರಿಯಾದರೆ ಜನ ಅಳತೆಯನ್ನು ಸರಿಮಾಡುತ್ತಾರೆ, ಕೆಲಸವನ್ನಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಇಂಥದೇ ಮಾತು ಹೇಳಿದ್ದರಿಂದ ಇದನ್ನು ಗುಡ್‌ಹಾರ್ಟ್ ನಿಯಮ ಎನ್ನುತ್ತಾರೆ. ಗಡುವಿನೊಳಗೆ ಪತ್ರ ಕೊಟ್ಟರೂ ವಿಲೇವಾರಿ, ಗಡುವಿನೊಳಗೆ ತಿರಸ್ಕರಿಸಿದರೂ ವಿಲೇವಾರಿ. "ದಾಖಲೆ ಸ್ಪಷ್ಟವಾಗಿಲ್ಲ" ಎಂದು ಕೊನೆಯ ದಿನ ತಿರಸ್ಕರಿಸಿದರೆ ಕಚೇರಿಯ ಅಂಕಿ ಚೆನ್ನಾಗಿಯೇ ಇರುತ್ತದೆ, ಅರ್ಜಿದಾರ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆದ್ದರಿಂದ ಒಳ್ಳೆಯ ಕಾರ್ಯವಿಧಾನದಲ್ಲಿ ದಿನಗಳ ಜೊತೆಗೆ ತಿರಸ್ಕಾರಗಳನ್ನೂ, ಅವುಗಳ ಕಾರಣಗಳನ್ನೂ ಎಣಿಸಬೇಕು. ಒಂದೇ ಕಾರಣಕ್ಕೆ ನೂರು ಅರ್ಜಿ ತಿರಸ್ಕಾರವಾಗಿದ್ದರೆ ತಪ್ಪು ನೂರು ಜನರದ್ದಲ್ಲ, ಅರ್ಜಿ ನಮೂನೆಯದ್ದು.

ಕಾಲುವೆ ಕಲಿಸುವ ಪಾಠ

ಸುರಪುರ ಭಾಗದ ರೈತರಿಗೆ ಈ ವಿಷಯ ಕಚೇರಿಗಿಂತ ಕಾಲುವೆಯಲ್ಲಿ ಬೇಗ ಅರ್ಥವಾಗುತ್ತದೆ. ನಾರಾಯಣಪುರದ ಬಸವಸಾಗರದಿಂದ ಹೊರಡುವ ನೀರು ಮುಖ್ಯ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ ದಾಟಿ ಹೊಲ ಸೇರಬೇಕು. ಇದೂ ಒಂದು ಕಾರ್ಯವಿಧಾನವೇ.

ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು ಪ್ರಧಾನಿ ನರೇಂದ್ರ ಮೋದಿ ಅವರು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. 10,000 ಕ್ಯೂಸೆಕ್ ಸಾಮರ್ಥ್ಯದ ಈ ಕಾಲುವೆಯಿಂದ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳಲ್ಲಿ 4.5 ಲಕ್ಷ ಹೆಕ್ಟೇರ್‌ಗೆ ನೀರು ಕೊಡಬಹುದು ಎಂಬುದು ಲೆಕ್ಕ. ಹರಿವನ್ನು ಅಳೆಯುವ, ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯೂ ಇದೆ.

ಎಲ್ಲಿ ಎಷ್ಟು ನೀರು ಹೋಯಿತು ಎಂದು ಈಗ ಗೊತ್ತಾಗುತ್ತದೆ. ಇದು ದೊಡ್ಡ ಲಾಭ. ಆದರೆ ಯಂತ್ರ ಹೇಳುವುದು ಅಷ್ಟನ್ನೇ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ತಲೆಭಾಗದಲ್ಲಿ ಭತ್ತ ಹೆಚ್ಚಾದಷ್ಟೂ ಕೊನೆಭಾಗಕ್ಕೆ ನೀರು ಕಡಿಮೆ. ಯಾರು ಯಾವ ಬೆಳೆ ಇಡಬೇಕು, ಸರದಿ ಯಾರದು, ಸರದಿ ಮೀರಿದರೆ ಯಾರು ಕೇಳಬೇಕು ಎನ್ನುವುದನ್ನು ಗೇಟು ತೀರ್ಮಾನಿಸಲಾರದು. ಅದು ರೈತರು, ನೀರು ಬಳಕೆದಾರರ ಸಹಕಾರ ಸಂಘಗಳು ಮತ್ತು ನಿಗಮ ಕೂತು ಮಾಡಿಕೊಳ್ಳಬೇಕಾದ ಕಟ್ಟಳೆ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

"ಸಾಫ್ಟ್‌ವೇರ್ ಕೊಂಡರೆ ಆಯಿತು." ತಪ್ಪು. ಗೊಂದಲದ ಮೇಲೆ ಸಾಫ್ಟ್‌ವೇರ್ ಹಾಕಿದರೆ ಗೊಂದಲವೇ ವೇಗವಾಗಿ ಓಡುತ್ತದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣಗೊಳಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಿಮ್ಮೂರ ಸಂಘಕ್ಕೂ ಕಂಪ್ಯೂಟರ್ ಬಂದಿದ್ದರೆ ಒಂದು ಪ್ರಶ್ನೆ ಕೇಳಿ: ಸಾಲದ ಅರ್ಜಿಗೆ ಮೊದಲು ಬೇಕಿದ್ದ ಸಹಿಗಳಲ್ಲಿ ಒಂದಾದರೂ ಕಡಿಮೆಯಾಗಿದೆಯೇ? ಕಂಪ್ಯೂಟರ್ ಪಕ್ಕದಲ್ಲೇ ಹಳೆಯ ಲೆಜರನ್ನೂ ಬರೆಯುತ್ತಿದ್ದಾರೆಯೇ?

"ಜನ ಹೆಚ್ಚಿದರೆ ಕೆಲಸ ಬೇಗ." ಅರ್ಧ ಸತ್ಯ. ಇಕ್ಕಟ್ಟು ಇರುವ ಜಾಗದಲ್ಲಿ ಒಬ್ಬರನ್ನು ಸೇರಿಸಿದರೆ ಇಡೀ ದಾರಿ ವೇಗವಾಗುತ್ತದೆ. ಬೇರೆಲ್ಲಿ ಹತ್ತು ಜನರನ್ನು ಸೇರಿಸಿದರೂ ಇಕ್ಕಟ್ಟಿನ ಮುಂದೆ ರಾಶಿ ಬೆಳೆಯುತ್ತದೆ.

"ಸಹಿ ಹೆಚ್ಚಿದ್ದಷ್ಟೂ ಭದ್ರ." ಹೆಚ್ಚಾಗಿ ತಪ್ಪು. ಐದು ಜನ ಸಹಿ ಹಾಕುವ ಕಡೆ, ಉಳಿದ ನಾಲ್ವರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ನಂಬುತ್ತಾರೆ. ಹೊಣೆ ಹೊತ್ತ ಒಬ್ಬರ ಪರಿಶೀಲನೆ ಅದಕ್ಕಿಂತ ಗಟ್ಟಿ.

"ಒಮ್ಮೆ ಸರಿಮಾಡಿದರೆ ಮುಗಿಯಿತು." ತಪ್ಪು. ಹೂಳು ಎತ್ತಿದ ಕಾಲುವೆಯಲ್ಲಿ ಮತ್ತೆ ಹೂಳು ತುಂಬುತ್ತದೆ. ಕಾರ್ಯವಿಧಾನವೂ ಹಾಗೆಯೇ.

ನಿಮ್ಮ ಸಂಘದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಹೇಗೆ ಶುರು ಮಾಡುವುದು?

ಇದಕ್ಕೆ ದುಬಾರಿ ಸಲಹೆಗಾರರು ಬೇಕಿಲ್ಲ. ಒಂದು ದೊಡ್ಡ ಹಾಳೆ, ಪೆನ್ನು ಮತ್ತು ಎರಡು ವಾರದ ತಾಳ್ಮೆ ಸಾಕು.

1. ಒಂದೇ ಕೆಲಸ ಆರಿಸಿಕೊಳ್ಳಿ. ಹೆಚ್ಚು ದೂರು ಬರುವ ಕೆಲಸವಾದರೆ ಒಳ್ಳೆಯದು. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ಯಾವುದೂ ಆಗುವುದಿಲ್ಲ.
2. ಇಂದು ನಿಜವಾಗಿ ನಡೆಯುತ್ತಿರುವುದನ್ನು ಬರೆಯಿರಿ. ನಿಯಮ ಪುಸ್ತಕದಲ್ಲಿ ಇರುವುದನ್ನಲ್ಲ. ಕೆಲಸ ಮಾಡುವವರನ್ನೇ ಕೇಳಿ. ಕಿಂಡಿಯಲ್ಲಿ ಕೂರುವವರಿಗೆ ಮೇಲಧಿಕಾರಿಗಿಂತ ಹೆಚ್ಚು ಗೊತ್ತಿರುತ್ತದೆ.
3. ಪ್ರತಿ ಹೆಜ್ಜೆಗೆ ಎರಡು ಸಮಯ ಬರೆಯಿರಿ: ಕೆಲಸದ ಸಮಯ, ಕಾಯುವ ಸಮಯ. ಇಕ್ಕಟ್ಟು ತಾನಾಗಿ ಕಾಣುತ್ತದೆ.
4. ಪ್ರತಿ ಹೆಜ್ಜೆಗೂ ಕೇಳಿ: ಇದನ್ನು ಬಿಟ್ಟರೆ ಏನಾಗುತ್ತದೆ? "ಏನೂ ಆಗಲ್ಲ, ಮೊದಲಿಂದ ಹಂಗೇ ಇದೆ" ಎಂಬ ಉತ್ತರ ಬಂದರೆ ಆ ಹೆಜ್ಜೆ ತೆಗೆಯಬಹುದು. ಉದಾಹರಣೆಗೆ, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಸಿಇಟಿ ಅರ್ಜಿಯಲ್ಲಿ ಅದನ್ನು ಆನ್‌ಲೈನ್‌ನಲ್ಲೇ ತಾಳೆ ನೋಡಬಹುದು.
5. ಇಡೀ ದಾರಿಗೆ ಒಬ್ಬರನ್ನು ಹೊಣೆ ಮಾಡಿ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ.
6. ಚಿಕ್ಕದಾಗಿ ಪ್ರಯೋಗ ಮಾಡಿ, ಅಳೆಯಿರಿ, ತಿದ್ದಿ. 'ಸಕಾಲ' ಕೂಡ ಮೊದಲು ನಾಲ್ಕೇ ತಾಲ್ಲೂಕಿನಲ್ಲಿ ಶುರುವಾಗಿತ್ತು.
7. ಕಂಪ್ಯೂಟರ್ ಇದಾದ ಮೇಲೆ ಬರಲಿ.

ನೌಕರರ ಭಯವನ್ನೂ ಮರೆಯಬೇಡಿ. ಸುಧಾರಣೆ ಎಂದ ಕೂಡಲೇ "ನನ್ನ ಕೆಲಸ ಹೋಗುತ್ತದೆಯೇ, ನನ್ನ ಮೇಲೆ ತಪ್ಪು ಹೊರಿಸುತ್ತಾರೆಯೇ" ಎಂಬ ಚಿಂತೆ ಸಹಜ. ದಾರಿಯ ತಪ್ಪನ್ನು ಹುಡುಕುತ್ತಿದ್ದೇವೆ, ವ್ಯಕ್ತಿಯ ತಪ್ಪನ್ನಲ್ಲ ಎಂದು ಮೊದಲೇ ಹೇಳಿ, ಹಾಗೆಯೇ ನಡೆದುಕೊಂಡರೆ ಅವರೇ ಇಕ್ಕಟ್ಟುಗಳನ್ನು ತೋರಿಸುತ್ತಾರೆ. ಇಲ್ಲದಿದ್ದರೆ ಮುಚ್ಚಿಡುತ್ತಾರೆ.

ನಿಮ್ಮ ಅರ್ಜಿಯೇ ನಿಂತಿದ್ದರೆ ಏನು ಮಾಡಬೇಕು?

• ಅರ್ಜಿ ಕೊಟ್ಟ ದಿನವೇ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ, ಫೋಟೊ ತೆಗೆದಿಟ್ಟುಕೊಳ್ಳಿ. ಸಂಖ್ಯೆ ಇಲ್ಲದ ಅರ್ಜಿಗೆ ಗಡುವೂ ಇಲ್ಲ.
• ಆ ಸಂಖ್ಯೆಯಿಂದ ಸ್ಥಿತಿ ನೋಡುತ್ತಿರಿ. ಯಾರ ಬಳಿ ನಿಂತಿದೆ ಎಂದು ತಿಳಿದರೆ ಸರಿಯಾದ ಮೇಜಿಗೆ ಹೋಗಬಹುದು.
• ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಕಾರಣ ಕೊಡುವುದು ಕಾನೂನಿನ ಕರ್ತವ್ಯ.
• ತಿರಸ್ಕಾರವಾದ ಅಥವಾ ಗಡುವು ಮುಗಿದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರ ಇದೆ.
• ಮಕ್ಕಳು ಪಿಯುಸಿಯಲ್ಲಿದ್ದರೆ 371(ಜೆ), ಜಾತಿ, ಆದಾಯ ಪತ್ರಗಳಿಗೆ ಫಲಿತಾಂಶ ಬರುವವರೆಗೆ ಕಾಯಬೇಡಿ. ಬೇಸಿಗೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಕೊನೆಯ ಮಾತು

"ಎಲ್ಲ ಆನ್‌ಲೈನ್ ಆಗಿದೆ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇಷ್ಟು ಕೇಳಿಕೊಳ್ಳಿ: ಹೆಜ್ಜೆ ಕಡಿಮೆಯಾಗಿದೆಯೇ? ಸರದಿ ಎಲ್ಲರಿಗೂ ಕಾಣುತ್ತದೆಯೇ? ತಡವಾದರೆ ಯಾರು ಹೊಣೆ ಎಂದು ಗೊತ್ತಿದೆಯೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ಅದು ನಿಜವಾದ ಸುಧಾರಣೆ. ಇಲ್ಲದಿದ್ದರೆ ಬಂದಿರುವುದು ಹೊಸ ಕಂಪ್ಯೂಟರ್ ಮಾತ್ರ.

ನಿಮ್ಮ ಗುಂಪಿನಲ್ಲಿ ಪಿಯುಸಿ ಓದುವ ಮಕ್ಕಳ ತಂದೆ ತಾಯಿ ಇದ್ದರೆ, ಮೇಲಿನ ಐದು ಅಂಶಗಳನ್ನು ಅವರಿಗೆ ತಪ್ಪದೆ ಕಳಿಸಿ.